ಉಚಿತ ಮಾಹಿತಿಗಾಗಿ ಸಂಪರ್ಕಿಸಿ

ಕೇಳಿದಷ್ಟಕ್ಕೆ ಮಾತ್ರ ಉತ್ತರ ಹೇಳಿ ಬಾಯಿ ಮುಚ್ಚಿಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ದೆಹಲಿಯ ಬಸ್ ಸ್ಟಾಪಿನಲ್ಲಿ ಯಾರಾದರೂ "ಈ ಬಸ್ಸು ಹೌಜ್ ಖಾಸ್‌ಗೆ ಹೋಗುತ್ತದೆಯೇ?" ಎಂದು ಕೇಳಿದರೆ ಅಂಥವರು ಹೌದು ಎನ್ನುತ್ತಾರೆ, ಇಲ್ಲವೇ ಇಲ್ಲ ಎನ್ನುತ್ತಾರೆ, ಆಮೇಲೆ ತಮ್ಮ ಪಾಡಿಗೆ ತಾವು ರಸ್ತೆ ನೋಡುತ್ತಾ ನಿಲ್ಲುತ್ತಾರೆ. ನನ್ನಿಂದ ಅದು ಸಾಧ್ಯವಿಲ್ಲ. ಹೋಗುತ್ತದೆ, ಆದರೆ ಸುತ್ತಿಕೊಂಡು ಹೋಗುತ್ತದೆ, ಮೆಟ್ರೋಗಾಗಿ ರಸ್ತೆ ಅಗೆದಿದ್ದಾರೆ, ಹಿಂದೆ ಬರುವ ಬಸ್ಸಿನಲ್ಲಿ ಕೂರಲು ಜಾಗ ಸಿಗುತ್ತದೆ, ಹೌಜ್ ಖಾಸ್‌ನಲ್ಲಿ ನಿಮಗೆ ಎಲ್ಲಿಗೆ ಹೋಗಬೇಕು, ಯಾರ ಮನೆ, ಊಟವಾಗಿದೆಯೇ? ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಬಸ್ಸು ಹೋಗಿಬಿಟ್ಟಿರುತ್ತದೆ. ಕೇಳಿದವನು ನನ್ನ ಮುಖವನ್ನೇ ನೋಡುತ್ತಾ ನಿಂತಿರುತ್ತಾನೆ. ನನ್ನಂಥ ಮನುಷ್ಯ ಮೇಷ್ಟ್ರಾಗಬಹುದಿತ್ತು, ಪುರೋಹಿತನಾಗಬಹುದಿತ್ತು, ರೈಲ್ವೆ ಸ್ಟೇಷನ್ನಿನ ವಿಚಾರಣೆ ಕಿಟಕಿಯಲ್ಲಿ ಕೂತು ಜನರ ಆಶೀರ್ವಾದ ಪಡೆಯಬಹುದಿತ್ತು. ನಾನು ಹೋಗಿ ವ್ಯಾಪಾರಕ್ಕೆ ಇಳಿದೆ.

ವ್ಯಾಪಾರಕ್ಕೆ ಇಳಿದದ್ದು ಆಸೆಯಿಂದೇನಲ್ಲ. ನಾನು ಕೆಲಸಕ್ಕಿದ್ದ ಪಂಪ್‌ಸೆಟ್ ಕಂಪನಿ ತನ್ನ ದೆಹಲಿ ಕಚೇರಿಯನ್ನು ಮುಚ್ಚಿತು. ನನ್ನ ಹೆಂಡತಿ ಉಷಾ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇದ್ದಾಳೆ. ಆರ್.ಕೆ.ಪುರಂನ ಕ್ವಾರ್ಟರ್ಸ್ ಅವಳ ಹೆಸರಿನಲ್ಲಿದೆ. ಹಾಗಾಗಿ ತಲೆಯ ಮೇಲೆ ಸೂರು ಇತ್ತು, ಸೂರಿನ ಕೆಳಗೆ ಹಗಲೆಲ್ಲ ಕೂತು ಸೀಲಿಂಗ್ ಫ್ಯಾನಿನ ಧೂಳನ್ನು ನೋಡುವ ನಾನಿದ್ದೆ. ಊರಿನಿಂದ ಬರುವ ನೆಂಟರನ್ನು ಆಗ್ರಾ, ಮಥುರಾ, ಹರಿದ್ವಾರ ಎಂದು ತಿರುಗಿಸಿಕೊಂಡು ಬರುವುದು ನನಗೆ ಮೊದಲಿನಿಂದಲೂ ಇಷ್ಟದ ಕೆಲಸ. ಅದನ್ನೇ ಕಸುಬು ಮಾಡಿಕೊಂಡರೆ ಹೇಗೆ ಎನ್ನಿಸಿತು. ಪಕ್ಕದ ಮುನಿರ್ಕಾದಲ್ಲಿ ಕಚೇರಿಗೆಂದು ಒಂದು ಪುಟ್ಟ ಕೋಣೆ ಹಿಡಿದು ಬೋರ್ಡು ಹಾಕಿದೆ. ಬಲ್ಲಿ ಎಂಬ ಪಂಜಾಬಿ ಡ್ರೈವರನ ಟೆಂಪೋ ಟ್ರಾವೆಲರ್ ಗಾಡಿಯನ್ನು ಗೊತ್ತುಮಾಡಿಕೊಂಡೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಕನ್ನಡ ಬಲ್ಲ ಮಾರ್ಗದರ್ಶಿ, ಎರಡು ಹೊತ್ತು ಅನ್ನ ಸಾರು, ಬೆಳಿಗ್ಗೆ ಫಿಲ್ಟರ್ ಕಾಫಿ, ಇದು ನಮ್ಮ ಸೇವೆ. ಮಾರ್ಗದರ್ಶಿ ನಾನೇ. ಕಾಫಿಯೂ ನಾನೇ.

ಎಲ್ಲ ಇತ್ತು, ಯಾತ್ರಿಕರು ಮಾತ್ರ ಇರಲಿಲ್ಲ. ಬಲ್ಲಿ ಪ್ರತಿದಿನ ಬಂದು ಗಾಡಿಯ ಗಾಜು ಒರೆಸಿ, "ಗಾಡಿ ಖಾಲಿ ಖಡೀ ಹೈ ಸಾಬ್" ಎಂದು ಯಾರೋ ತೀರಿಹೋದ ಸುದ್ದಿ ಹೇಳುವ ದನಿಯಲ್ಲಿ ಹೇಳಿ ಚಹಾ ಕುಡಿದು ಹೋಗುತ್ತಿದ್ದ. ಅಂಥ ಹೊತ್ತಿನಲ್ಲಿ ನಮಗೆ ಉಪದೇಶ ಸಿಕ್ಕಿದ್ದು ಇರ್ಫಾನನಿಂದ. ಇರ್ಫಾನ್ ತುಮಕೂರಿನ ಹುಡುಗ, ಗುರ್ಗಾಂವಿನ ದೊಡ್ಡ ಕಂಪನಿಯೊಂದರಲ್ಲಿ ಮಾರ್ಕೆಟಿಂಗ್ ಕೆಲಸ, ಭಾನುವಾರ ಉಷಾಳ ಕೈಯ ಹುಳಿಯನ್ನ ತಿನ್ನಲು ನಮ್ಮಲ್ಲಿಗೆ ಬರುತ್ತಾನೆ. ಅವನು ತಟ್ಟೆಯ ಮುಂದೆ ಕೂತೇ ನನ್ನ ಭವಿಷ್ಯ ಬರೆದುಕೊಟ್ಟ.

"ಅಂಕಲ್, ಈಗ ಯಾರೂ ಜಾಹೀರಾತು ನೋಡಿ ಬರಲ್ಲ. ಇಂಟರ್ನೆಟ್ಟಲ್ಲಿ ಒಂದು ಬ್ಲಾಗ್ ಶುರು ಮಾಡಿ, ಕನ್ನಡದಲ್ಲಿ. ನಿಮಗೆ ಗೊತ್ತಿರೋದನ್ನೆಲ್ಲ ಫ್ರೀಯಾಗಿ ಬರೀರಿ. ಜನಕ್ಕೆ ನಂಬಿಕೆ ಬರತ್ತೆ. ನಂಬಿಕೆ ಬಂದ್ಮೇಲೆ ಅವರೇ ಬುಕ್ ಮಾಡ್ತಾರೆ."

"ಫ್ರೀಯಾಗಿ ಎಲ್ಲಾ ಸಿಕ್ಕಮೇಲೆ ಬುಕ್ ಯಾಕಪ್ಪಾ ಮಾಡ್ತಾರೆ?" ಎಂದಳು ಉಷಾ, ಅವನ ತಟ್ಟೆಗೆ ತುಪ್ಪ ಹಾಕುತ್ತಾ.

"ಅದೇ ಆಂಟಿ ಮಾರ್ಕೆಟಿಂಗು" ಎಂದ ಇರ್ಫಾನ್. ತುಪ್ಪದ ವಿಷಯದಲ್ಲಿ ಸಾಕು ಎನ್ನಲಿಲ್ಲ.

ನನಗಂತೂ ಆ ಮಾತು ಕೇಳಿ ಮೈಯೆಲ್ಲ ಹಗುರಾಯಿತು. ಗೊತ್ತಿರುವುದನ್ನೆಲ್ಲ ಬಿಟ್ಟಿಯಾಗಿ ಹೇಳುವುದು ನನ್ನ ಹುಟ್ಟುಗುಣ. ಅದಕ್ಕಾಗಿ ಇಷ್ಟು ವರ್ಷ ಮನೆಯಲ್ಲಿ ಬೈಸಿಕೊಂಡಿದ್ದೆ. ಈಗ ಗುರ್ಗಾಂವಿನ ಗಾಜಿನ ಕಟ್ಟಡದಲ್ಲಿ ಕೂರುವ ಹುಡುಗನೊಬ್ಬ ಬಂದು ಅದೇ ವ್ಯಾಪಾರದ ಗುಟ್ಟು ಎಂದು ಹೇಳಿದರೆ ಯಾರಿಗೆ ಸಂತೋಷವಾಗುವುದಿಲ್ಲ? ಮುಂದಿನ ಕೋಣೆಯಲ್ಲಿ ಮಗಳು ಮೇಘಾಳ ಓದಿಗೆಂದು ತಂದಿಟ್ಟಿದ್ದ ಕಂಪ್ಯೂಟರನ್ನು ಅವಳು ಕಾಲೇಜಿಗೆ ಹೋದ ಹೊತ್ತಿನಲ್ಲಿ ನಾನು ಆಕ್ರಮಿಸಿಕೊಂಡೆ. ಒಂದೊಂದೇ ಕೀಲಿ ಹುಡುಕಿ ಕುಟ್ಟುತ್ತಾ ಬರೆದೆ. ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಆಟೋದವನ ಜೊತೆ ಯಾವ ಹಿಂದಿಯಲ್ಲಿ ಜಗಳವಾಡಬೇಕು, ಹರಿದ್ವಾರದಲ್ಲಿ ಯಾವ ಘಾಟಿನಲ್ಲಿ ನೂಕುನುಗ್ಗಲು ಕಡಿಮೆ, ಕಾಶಿಯಲ್ಲಿ ಈರುಳ್ಳಿ ಹಾಕದ ಊಟ ಎಲ್ಲಿ ಸಿಗುತ್ತದೆ, ಚಾಂದನಿ ಚೌಕದಲ್ಲಿ ಶಾಲು ಕೊಳ್ಳುವಾಗ ಅಂಗಡಿಯವನನ್ನು ಎಷ್ಟು ಸಲ ಭಯ್ಯಾ ಎನ್ನಬೇಕು, ಎಲ್ಲವನ್ನೂ ಬರೆದೆ. ಬರೆದಷ್ಟೂ ನೆನಪಾಗುತ್ತಿತ್ತು, ನೆನಪಾದಷ್ಟೂ ಬರೆಯುತ್ತಿದ್ದೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ಉಚಿತ ಮಾಹಿತಿಗಾಗಿ ಸಂಪರ್ಕಿಸಿ' ಎಂದು ಸೇರಿಸಿ, ಮನೆಯ ವಿಳಾಸ, ಫೋನು ಎರಡನ್ನೂ ಕೊಟ್ಟೆ. ಮನೆಯ ವಿಳಾಸ ಯಾಕೆ ಕೊಟ್ಟಿರಿ ಎಂದು ಉಷಾ ಆಮೇಲೆ ಅನೇಕ ಸಲ ಕೇಳಿದ್ದಾಳೆ. ವಿಳಾಸವಿಲ್ಲದೆ ಬರೆದರೆ ಮರ್ಯಾದಸ್ಥರ ಲಕ್ಷಣವಲ್ಲ ಎಂದು ನನಗೆ ಅನ್ನಿಸಿತ್ತು, ಅಷ್ಟೆ.

ಜನ ಓದಿದರು. ಇದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ. 'ತುಂಬಾ ಉಪಯುಕ್ತ ಮಾಹಿತಿ ಸಾರ್, ಹೀಗೇ ಬರೆಯುತ್ತಿರಿ' ಎಂದು ಕೆಳಗೆ ಬರೆದರು. ನಾನು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಅದನ್ನು ನೋಡುತ್ತಿದ್ದೆ. ಕೆಲವರು 'ನಿಮ್ಮ ಬ್ಲಾಗಿನಲ್ಲಿ ಅಕ್ಷರಗಳ ಬದಲು ಬರೀ ಚೌಕಗಳು ಕಾಣುತ್ತಿವೆ' ಎಂದು ಬರೆದರು. ಅವರ ಕಂಪ್ಯೂಟರಿನಲ್ಲಿ ಕನ್ನಡ ಲಿಪಿ ಇರಲಿಲ್ಲ. ಅದನ್ನು ಹಾಕಿಕೊಳ್ಳುವುದು ಹೇಗೆಂದು ಮೇಘಾಳನ್ನು ಕೇಳಿ ತಿಳಿದು, ಒಬ್ಬೊಬ್ಬರಿಗೂ ಪ್ರತ್ಯೇಕ ಉತ್ತರ ಬರೆದೆ. ಹಾವೇರಿ, ಹಾಸನ, ಮಸ್ಕತ್ ಎಂದು ಎಲ್ಲೆಲ್ಲಿಯೋ ಇರುವ ಜನರ ಕಂಪ್ಯೂಟರುಗಳು ನನ್ನ ದಯೆಯಿಂದ ಕನ್ನಡ ಕಲಿತವು. ಯಾತ್ರೆಯ ಬುಕಿಂಗ್ ಒಂದೂ ಬರಲಿಲ್ಲ. "ಇವತ್ತು ಎಷ್ಟು ಜನ ಉಪಯುಕ್ತ ಅಂದರು?" ಎಂದು ಉಷಾ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಾ ಕೇಳುತ್ತಿದ್ದಳು. ಮೊದಮೊದಲು ನಾನು ಹೆಮ್ಮೆಯಿಂದ ಉತ್ತರ ಹೇಳುತ್ತಿದ್ದೆ. ಆಮೇಲಾಮೇಲೆ ಆ ಪ್ರಶ್ನೆ ಬರುವ ಹೊತ್ತಿಗೆ ಹಾಲು ತರಲು ಹೊರಗೆ ಹೋಗಲಾರಂಭಿಸಿದೆ.

ಬುಕಿಂಗ್ ಬರಲಿಲ್ಲ ನಿಜ, ಆದರೆ ಜನ ಬರಲಿಲ್ಲ ಎನ್ನುವಂತಿಲ್ಲ. ಪರ ಊರಿನಲ್ಲಿ ಕನ್ನಡ ಬರೆಯುವ ಮನುಷ್ಯನೊಬ್ಬ ಇದ್ದಾನೆ, ವಿಳಾಸವನ್ನೂ ಕೊಟ್ಟಿದ್ದಾನೆ ಎಂದ ಮೇಲೆ ನಮ್ಮವರ ಲೆಕ್ಕದಲ್ಲಿ ಅವನು ನೆಂಟನೇ. ದಸರಾ ರಜೆಯಿಂದ ಶುರುವಾಯಿತು. ಬೆಳ್ಳಂಬೆಳಿಗ್ಗೆ ಬಾಗಿಲು ತಟ್ಟುವ ಸದ್ದು. ತೆರೆದರೆ ಹೆಗಲಿಗೆ ಬ್ಯಾಗು, ಕೈಯಲ್ಲಿ ನೀರಿನ ಬಾಟಲು, ಮುಖದ ತುಂಬ ನಗು. "ನಿಮ್ಮ ಬ್ಲಾಗ್ ಓದ್ತೀವಿ ಸಾರ್. ಹೀಗೇ ಮಾತಾಡಿಸಿಕೊಂಡು ಹೋಗೋಣ ಅಂತ ಬಂದ್ವಿ." ಹೀಗೇ ಮಾತಾಡಿಸಲು ಬಂದವರಿಗೆ ಸ್ನಾನಕ್ಕೆ ಬಿಸಿನೀರು ಬೇಕು. ನಮ್ಮ ಗೀಸರೋ ಒಂದು ಬಕೆಟ್ಟಿಗೆ ಸುಸ್ತಾಗುವ ಜಾತಿಯದು. ಸ್ನಾನ ಮಾಡಿದವರನ್ನು ತಿಂಡಿ ಕೊಡದೆ ಕಳಿಸಲು ಬರುವುದಿಲ್ಲ. ತಿಂಡಿ ತಿಂದವರು ಭೂಪಟ ಬಿಚ್ಚುತ್ತಾರೆ, ನಾನು ಎದುರಿಗೆ ಕೂತು ಅವರ ಯಾತ್ರೆಯನ್ನು ಅಂದವಾಗಿ ಜೋಡಿಸಿಕೊಡುತ್ತೇನೆ. ಅವರು ಮುನಿರ್ಕಾದ ದಾರಿಯಲ್ಲೇ, ನನ್ನ ಬೋರ್ಡಿನ ಕೆಳಗೇ ಹಾದು, ನಾನೇ ಹೇಳಿಕೊಟ್ಟ ಬಸ್ಸು ಹಿಡಿದು ಹೋಗುತ್ತಾರೆ. ಹೋಗುವಾಗ ನಮ್ಮ ಸ್ವೆಟರು, ಮಫ್ಲರುಗಳೂ ಅವರ ಜೊತೆ ಹರಿದ್ವಾರ ನೋಡಿಬರುತ್ತವೆ. ಮೇಘಾ ಸ್ನಾನದ ಮನೆಯ ಮುಂದೆ ಟವೆಲ್ ಹಿಡಿದು ನಿಂತು, "ಪಪ್ಪಾ, ಫಿರ್ ಸೇ ಗೆಸ್ಟ್? ನನ್ಗೆ ಕ್ಲಾಸ್ ಇದೆ, ಯಾರ್!" ಎನ್ನುತ್ತಿದ್ದಳು. ಬಂದವರಿಗೆ ಕೇಳಿಸದಿರಲೆಂದು ನಾನು ಜೋರಾಗಿ ಕೆಮ್ಮುತ್ತಿದ್ದೆ. ಆ ಚಳಿಗಾಲದಲ್ಲಿ ನನ್ನ ಕೆಮ್ಮಿಗೆ ಊರೆಲ್ಲ ಕಷಾಯ ಸೂಚಿಸಿತು.

ಇವರೆಲ್ಲರ ಪೈಕಿ ನನ್ನನ್ನು ನೆಲಕ್ಕೆ ಕೆಡವಿದವರು ಹಾವೇರಿ ಕಡೆಯ ನಿವೃತ್ತ ಮೇಷ್ಟ್ರು ಒಬ್ಬರು. ಹೆಂಡತಿ, ಷಡ್ಡಕ, ಅವರ ಹೆಂಡತಿ ಎಲ್ಲರನ್ನೂ ಕರೆದುಕೊಂಡು ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಬಂದರು. ಕೂತವರೇ ಚೀಲದಿಂದ ಒಂದು ಪುಸ್ತಕ ತೆಗೆದರು. ನೋಡಿದರೆ ಅದು ನನ್ನ ಬ್ಲಾಗು. ಮೊದಲಿನಿಂದ ಕೊನೆಯವರೆಗೆ ಮುದ್ರಿಸಿ, ಪ್ಲಾಸ್ಟಿಕ್ ಹೊದಿಕೆ ಹಾಕಿ, ಸ್ಪೈರಲ್ ಬೈಂಡ್ ಮಾಡಿಸಿದ್ದರು. ನನ್ನ ಬರಹ ಪುಸ್ತಕವಾದದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ. ಕಣ್ಣು ತುಂಬಿ ಬಂತು ಎಂದು ಹೇಳಿದರೆ ನೀವು ನಗಬಾರದು.

"ನೀವ ಏನ್ರಿ ಇದನ್ನ ಬರದಾವ್ರು? ಭಾಳ ಚಲೋ ಬರದೀರಿ ಬಿಡ್ರಿ" ಎಂದರು ಮೇಷ್ಟ್ರು. "ಆದ್ರ ಪುಟ ಹದಿನಾರರಾಗ ಬಸ್ ನಂಬರ್ ತಪ್ಪೈತಿ. ಈಗ ಬದಲಾಗೇತಂತ. ತಿದ್ದಿ ಬಿಡ್ರಿ, ಮಂದಿಗೆ ತ್ರಾಸ ಆಗ್ತದ."

"ತಿದ್ದುತ್ತೇನೆ" ಎಂದು ಪೆನ್ನು ತೆಗೆದುಕೊಂಡೆ. "ಇದನ್ನು ನೀವೇ ಮಾಡಿಸಿದಿರಾ?"

"ಏ, ನಾವೆಲ್ಲಿ ಮಾಡಸೋಣ್ರಿ! ನಮ್ಮ ಬೆಂಗಳೂರ ಟ್ರಾವೆಲ್ಸ್‌ನಾವ್ರು ಕೊಟ್ಟಾರ. ಅವ್ರ ಕಡೆ ಬುಕ್ ಮಾಡಿದಾವ್ರಿಗೆಲ್ಲಾ ಒಂದೊಂದು ಫ್ರೀ."

ಅಂದರೆ ಬೆಂಗಳೂರಿನ ಯಾರೋ ಪುಣ್ಯಾತ್ಮ ನನ್ನ ಮಾಹಿತಿಯನ್ನು ಬೈಂಡ್ ಮಾಡಿ ತನ್ನ ಗಿರಾಕಿಗಳಿಗೆ ಹಂಚುತ್ತಿದ್ದಾನೆ. ಇರ್ಫಾನ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನಂಬಿಕೆ ಬಂದಿತ್ತು, ಬುಕಿಂಗ್ ಕೂಡ ಆಗಿತ್ತು. ಆಗಿದ್ದು ಮಾತ್ರ ಬೇರೊಬ್ಬನಿಗೆ. "ಹಾಗಾದರೆ ನಮ್ಮ ಮನೆಗೆ...?" ಎಂದು ಮೆಲ್ಲಗೆ ಕೇಳಿದೆ. ಮೇಷ್ಟ್ರು ನಿರ್ಮಲವಾಗಿ ನಕ್ಕು, "ಅವ್ರ ಊಟ ಬಾಯಿಗೆ ಹತ್ತಂಗಿಲ್ರಿ. ನೀವು ಪುಟ ಮೂವತ್ತರಾಗ ಮನ್ಯಾಗಿನ ಸಾರಿನ ಬಗ್ಗೆ ಬರದೀರಲ್ಲ, ಅದನ್ನ ಓದಿ ಬಂದ್ವಿ" ಎಂದರು. ಉಷಾ ಒಳಗೆ ಹೋಗಿ ಮತ್ತೆ ಅನ್ನಕ್ಕಿಟ್ಟಳು. ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅವರು ಹೋದ ಮೇಲೆ ಪಾತ್ರೆ ತೊಳೆಯುವಾಗ ಅವಳು ಮಾತಾಡಿದಳು. ಗುರ್ಗಾಂವಿನಲ್ಲಿ ಕಾಲ್ ಸೆಂಟರುಗಳಿಗೆ ಕ್ಯಾಬ್ ಕಳಿಸುವ ಗುತ್ತಿಗೆದಾರನೊಬ್ಬ ನನಗೆ ಪರಿಚಯ. ಸೂಪರ್‌ವೈಸರ್ ಕೆಲಸಕ್ಕೆ ಬಾ ಎಂದು ಅವನು ಕರೆಯುತ್ತಲೇ ಇದ್ದ. ಸಂಜೆ ಹೋದರೆ ಬೆಳಿಗ್ಗೆ ಬರುವ ಕೆಲಸ, ಯಾವ ಹುಡುಗಿಯನ್ನು ಯಾವ ಗಾಡಿಯಲ್ಲಿ ಯಾವ ಮನೆಗೆ ಬಿಟ್ಟರು ಎಂದು ನೋಡಿಕೊಳ್ಳುವುದು. "ಈ ಚಳಿಗಾಲದೊಳಗೆ ಗಾಡಿ ಒಂದು ಸಲ ಆದ್ರೂ ತುಂಬದೇ ಇದ್ರೆ ಕೋಣೆ ಬಿಟ್ಟುಬಿಡಿ, ಆ ಕೆಲಸಕ್ಕೆ ಹೂಂ ಅನ್ನಿ. ನನಗೆ ಸಾಕಾಗಿದೆ ರೀ" ಎಂದಳು. ಸಾಕಾಗಿದೆ ಎಂಬ ಮಾತನ್ನು ಅವಳು ಜಗಳಕ್ಕೆ ಹೇಳಿದ್ದಲ್ಲ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಸುಮ್ಮನೆ ಹೇಳಿದಳು. ನನಗೂ ಸಾಕಾಗಿತ್ತು. ಆದರೆ ಈ ವಯಸ್ಸಿನಲ್ಲಿ ಗುರ್ಗಾಂವಿನ ಚಳಿಯಲ್ಲಿ ರಾತ್ರಿಯೆಲ್ಲ ಗಾಡಿ ಎಣಿಸುತ್ತಾ ನಿಲ್ಲುವುದನ್ನು ನೆನೆದಾಗಲೆಲ್ಲ ಮನೆಯೊಳಗೇ ಇನ್ನೊಂದು ಸ್ವೆಟರು ಹಾಕಿಕೊಳ್ಳುತ್ತಿದ್ದೆ. ಮುನಿರ್ಕಾದ ಆ ಕೋಣೆ ಎಷ್ಟೇ ಪುಟ್ಟದಾದರೂ ನನ್ನದು, ಅಲ್ಲಿ ನನ್ನ ಹೆಸರಿನ ಬೋರ್ಡಿತ್ತು.

ಹೀಗೆ ಕುತ್ತಿಗೆಗೆ ಬಂದು ನಿಂತಿರುವಾಗ ಒಂದು ಸಂಜೆ ಫೋನು ಬಂತು. ಚಿತ್ರದುರ್ಗದಿಂದ ಒಬ್ಬರು. ಬ್ಲಾಗನ್ನು ಪೂರ್ತಿ ಓದಿದ್ದಾರೆ. ಗಾಡಿ ತುಂಬುವಷ್ಟು ಜನ ಇದ್ದಾರೆ. ಜನವರಿ ಮೊದಲ ವಾರ ದೆಹಲಿ, ಆಗ್ರಾ, ಹರಿದ್ವಾರ. ಮುಂಗಡವನ್ನು ನಾಳೆಯೇ ಕಳಿಸುತ್ತಾರೆ. ಉಷಾ ಅಡಿಗೆಮನೆಯ ಬಾಗಿಲಲ್ಲಿ ಲಟ್ಟಣಿಗೆ ಹಿಡಿದು ನಿಂತಳು. "ಸಾರ್, ನಮ್ ತಾಯಿಗೆ ಸ್ವಲ್ಪ ಉಬ್ಬಸ ಐತೆ. ಚಳಿ ಏನೂ ತೊಂದ್ರೆ ಇಲ್ಲ ಅಲ್ವಾ?" ಎಂದು ಅವರು ಕೇಳಿದರು.

ಇಲ್ಲ ಎಂದರೆ ಮುಗಿಯುತ್ತಿತ್ತು. ನೋಡಿಕೊಳ್ಳೋಣ ಬನ್ನಿ ಎಂದಿದ್ದರೂ ಸಾಕಿತ್ತು. "ಉಬ್ಬಸವೇ?" ಎಂದೆ ನಾನು. ಅಲ್ಲಿಂದಾಚೆಗೆ ನಾಲಗೆ ನನ್ನ ಹಿಡಿತದಲ್ಲಿರಲಿಲ್ಲ. ಜನವರಿಯ ಮಂಜು ಎಂಥದೆಂದು ವಿವರಿಸಿದೆ. ರೈಲುಗಳು ಅರ್ಧ ದಿನ ತಡವಾಗುತ್ತವೆ, ಪ್ಲಾಟ್‌ಫಾರಂ ಮೇಲೆ ಕಂಬಳಿ ಹೊದ್ದು ಕೂರಬೇಕಾಗುತ್ತದೆ, ಆಗ್ರಾದ ತನಕ ಹೋದರೂ ಎದುರಿಗೆ ನಿಂತ ತಾಜ್ ಮಹಲು ಕಾಣಿಸದೆ ಜನ ಪಕ್ಕದವರ ಟೋಪಿ ನೋಡಿಕೊಂಡು ವಾಪಸಾಗುತ್ತಾರೆ, ಹರಿದ್ವಾರದ ನೀರಿಗೆ ಕಾಲಿಟ್ಟರೆ ಮೊಣಕಾಲಿನ ತನಕ ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದೆಲ್ಲ ಹೇಳಿದೆ. "ಫೆಬ್ರವರಿ ಕೊನೆಗೆ ಬನ್ನಿ" ಎಂದೆ. ಅವರಿಗೆ ಆಗ ರಜೆ ಇಲ್ಲ. "ಹಾಗಾದರೆ ಈ ವರ್ಷ ಬೇಡವೇ ಬೇಡ. ತಾಯಿಗಿಂತ ತಾಜ್ ಮಹಲು ಹೆಚ್ಚೇ?" ಎಂದೆ. ಅವರು ಗದ್ಗದಿತರಾದರು. "ನಿಮ್ಮಂಥೋರು ಈಗಿನ ಕಾಲ್ದಾಗೆ ಸಿಗಲ್ಲ ಸಾರ್" ಎಂದು ಫೋನಿಟ್ಟರು. ನಾನು ಒಂದು ಕ್ಷಣ ನಿಜವಾಗಿಯೂ ತೃಪ್ತನಾಗಿದ್ದೆ. ಆಮೇಲೆ ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಉಷಾ ಇರಲಿಲ್ಲ. ಒಳಗೆ ಚಪಾತಿ ಸೀದ ವಾಸನೆ ಬರುತ್ತಿತ್ತು.

ಮರುದಿನ ಅವಳು ಕಚೇರಿಯಿಂದ ಬಂದವಳೇ ಕೈ ಚಾಚಿ, "ಫೋನ್ ಕೊಡಿ" ಎಂದಳು. "ಇನ್ನು ಮೇಲೆ ಸಂಜೆ ಬರೋ ಫೋನೆಲ್ಲ ನಾನೇ ಎತ್ತೋದು. ಗಂಡನ ಫೋನ್ ಎತ್ತಬಾರದು ಅಂತ ನಮ್ಮ ಸರ್ವೀಸ್ ರೂಲ್ಸಿನಲ್ಲಿ ಎಲ್ಲೂ ಇಲ್ಲ." ನಾನು ಕೊಟ್ಟೆ. ಇಷ್ಟು ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತು ಅವಳು ಏನು ಕಲಿತಿದ್ದಾಳೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವಳ ಮೇಜಿನ ಮುಂದೆ ಬಂದು ನಿಂತವರು ಎಂಥ ದೊಡ್ಡ ಮನುಷ್ಯರಾದರೂ ಮೊದಲು ಅರ್ಜಿ ಕೊಡಬೇಕು, ಆಮೇಲೆ ಉತ್ತರ. ಅರ್ಜಿ ಕೊಡದವರಿಗೆ ಗಡಿಯಾರದಲ್ಲಿ ಗಂಟೆ ಎಷ್ಟೆಂದು ಕೂಡ ಅಲ್ಲಿ ಹೇಳುವುದಿಲ್ಲ. ಈ ವಿದ್ಯೆಯನ್ನು ಅವಳು ಮನೆಗೆ ತಂದಿರಲಿಲ್ಲ, ಅಷ್ಟೆ.

ಎರಡು ಮೂರು ದಿನ ಕಳೆದಿರಬೇಕು. ನಾನು ನೆಲದ ಮೇಲೆ ಪೇಪರು ಹಾಸಿಕೊಂಡು ಬಟಾಣಿ ಸುಲಿಯುತ್ತಾ ಕೂತಿದ್ದೆ. ಫೋನು ಬಂತು. ಮಂಡ್ಯದವರು, ಜನವರಿಯಲ್ಲೇ ಬರುತ್ತಾರಂತೆ. ಅವರ ಗಂಟಲು ದೊಡ್ಡದು, ನೆಲದ ಮೇಲೆ ಕೂತ ನನಗೂ ಕೇಳಿಸುತ್ತಿತ್ತು.

"ಸಾರ್ ಅವ್ರಾ ಮೇಡಂ?"

"ಇಲ್ಲ, ಊರಲ್ಲಿಲ್ಲ" ಎಂದಳು ಉಷಾ, ನನ್ನನ್ನೇ ನೋಡುತ್ತಾ.

"ಓ, ಹಂಗಾ. ಒಂದೆರಡ್ ವಿಸ್ಯ ಕೇಳ್ಬೇಕಿತ್ತು. ಅಲ್ಲಿ ಮಂಜು ಜಾಸ್ತಿಯಂತಲ್ಲ?"

"ಇರುತ್ತೆ. ಅದಕ್ಕೆ ತಕ್ಕ ಹಾಗೆ ಗಾಡಿ ಹೊರಡಿಸೋದು ನಮ್ಮ ಜವಾಬ್ದಾರಿ. ಏನೇನು ಬಟ್ಟೆ ತರಬೇಕು, ಯಾವ ದಿನ ಯಾವ ಊರು, ಎಲ್ಲಾ ಪೂರ್ತಿಯಾಗಿ ತಿಳಿಸ್ತೀವಿ. ಬುಕಿಂಗ್ ಆದವರಿಗೆ ಮಾತ್ರ."

"ಸುಕ್ರವಾರ ಆಗ್ರಾಕ್ಕೆ ಹೋಗುವಾ ಅಂತವ್ರೆ ನಮ್ಮೋರು."

ಶುಕ್ರವಾರ! ಶುಕ್ರವಾರ ತಾಜ್ ಮಹಲಿಗೆ ರಜೆ. ಇದನ್ನು ನಾನು ಬ್ಲಾಗಿನಲ್ಲಿ ಬರೆದಿರಲಿಲ್ಲವೇ? ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಉಷಾ ಬಲಗೈ ಎತ್ತಿ ತಡೆದಳು. "ಯಾವ ದಿನ ಯಾವುದು ತೆರೆದಿರುತ್ತೆ ಅಂತ ನೋಡಿ ದಿನ ಗೊತ್ತು ಮಾಡೋದು ನಾವು. ಮುಂಗಡ ಕಳಿಸಿದ ದಿನವೇ ನಿಮಗೆ ಬರೆದು ಕಳಿಸ್ತೀವಿ" ಎಂದಳು. ಊರಲ್ಲಿಲ್ಲದ ಮನುಷ್ಯ ಮಾತಾಡುವಂತಿಲ್ಲವಲ್ಲ. ನಾನು ಬಾಯೊಳಗೆ ನಾಲ್ಕು ಹಸಿ ಬಟಾಣಿ ಹಾಕಿಕೊಂಡು ಸುಮ್ಮನಾದೆ. ಮುಂಗಡ ಬಂತು. ಬಲ್ಲಿ ಆ ದಿನ ಗಾಡಿಯ ಗಾಜನ್ನು ಒರೆಸಿದ ರೀತಿಯೇ ಬೇರೆಯಾಗಿತ್ತು. ಗುರ್ಗಾಂವಿನ ಗುತ್ತಿಗೆದಾರನಿಗೆ ಉಷಾಳೇ ಫೋನು ಮಾಡಿ ಸದ್ಯಕ್ಕೆ ಆಗುವುದಿಲ್ಲ ಎಂದು ಹೇಳಿದಳು. ಯಾಕೆ ಎಂದು ಅವನು ಕೇಳಿದ್ದಕ್ಕೆ ಅವಳು ಉತ್ತರ ಕೊಡಲಿಲ್ಲ.

ಮಂಡ್ಯದವರು ಬರುವ ದಿನ ನಾನು ಅವರ ಹೆಸರು ಬರೆದ ರಟ್ಟು ಹಿಡಿದು ನಿಜಾಮುದ್ದೀನ್ ಸ್ಟೇಷನ್ನಿಗೆ ಹೋದೆ. ಹೊರಡುವ ಮೊದಲು ಉಷಾ, "ಕೇಳಿದ್ದಕ್ಕಷ್ಟೇ ಉತ್ತರ. ಕೇಳದೇ ಇದ್ದರೆ ಅದೂ ಬೇಡ" ಎಂದು ಮಫ್ಲರು ಸುತ್ತಿ ಕಳಿಸಿದ್ದಳು. ಮಂಜು ನಾನು ಚಿತ್ರದುರ್ಗಕ್ಕೆ ವರ್ಣಿಸಿದ್ದಕ್ಕಿಂತ ಹೆಚ್ಚೇ ಇತ್ತು. ರೈಲು ಬೆಳಿಗ್ಗೆ ಬರಬೇಕಾದದ್ದು ಮಧ್ಯಾಹ್ನದ ಮೇಲೆ ಬಂತು. ಅಷ್ಟು ಹೊತ್ತು ಪ್ಲಾಟ್‌ಫಾರಂ ಮೇಲೆ ನಡುಗುತ್ತಾ ನಿಂತು ಹೇಳಬೇಕಾದ ಮಾತುಗಳನ್ನೆಲ್ಲ ಒಂದೊಂದಾಗಿ ನುಂಗಿಕೊಂಡೆ. ಕೊನೆಗೂ ಮಂಜಿನೊಳಗಿಂದ ಮಂಕಿ ಕ್ಯಾಪು ಹಾಕಿದ ಒಂದು ದೊಡ್ಡ ಗುಂಪು ಗಟ್ಟಿಯಾಗಿ ಕನ್ನಡ ಮಾತಾಡುತ್ತಾ ಬಂತು. ಮುಂದಾಳು ನನ್ನ ಕೈಯ ರಟ್ಟು ನೋಡಿ ನಿಂತ. ಆ ದೊಡ್ಡ ಗಂಟಲನ್ನು ನಾನು ಕೂಡಲೇ ಗುರುತಿಸಿದೆ.

"ಏನಣ್ಣಾ, ಮೇಡಂ ಕಳ್ಸಿದ್ದಾ ನಿನ್ನ?" ಎಂದು ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬ್ಲಾಗ್ ಬರಿಯೋ ಸಾರ್ ಊರಿಗ್ ಬಂದ್ರಾ?" ಎಂದ.

"ಇಲ್ಲ, ಇನ್ನೂ ಬಂದಿಲ್ಲ" ಎಂದು ಹೇಳಿ ಅವನ ಸೂಟ್‌ಕೇಸು ಎತ್ತಿಕೊಂಡೆ.